ಎಂಜಿನ್ನಿನ ಹೊಟ್ಟೆಯಲ್ಲಿ ಏನಿದೆ?

ದನಗಳ ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತ ಮೊದಲು ಅದರ ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾನೆ. ಆಮೇಲೆ ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ಕಾಲು ನೋಡುತ್ತಾನೆ. ಅಷ್ಟಾದ ಮೇಲೆಯೇ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ. ಆ ರೈತನ ಮೊಮ್ಮಗ ಈಗ ಅಮೆರಿಕದಲ್ಲಿ ಎಂ.ಎಸ್. ಓದುತ್ತಿದ್ದಾನೆ ಎಂದು ಇಟ್ಟುಕೊಳ್ಳಿ. ಫೋನಿನ ಪರದೆಯ ಮೇಲೆ ಆರು ಫೋಟೊ ನೋಡಿ, ಎರಡು ಸಾವಿರ ಮೈಲಿ ದೂರದಲ್ಲಿ ಯಾರದೋ ಶೆಡ್ಡಿನಲ್ಲಿ ಮಲಗಿರುವ ಎಂಜಿನ್ನಿಗೆ ಮೂರು ಸಾವಿರ ಡಾಲರ್ ಕಳಿಸಲು ಅವನು ಸಿದ್ಧನಾಗಿದ್ದಾನೆ. ಅದರ ಹಲ್ಲು ನೋಡುವುದು ಹೇಗೆ?

ನಮ್ಮಲ್ಲಿಂದ ಓದಲು ಹೋದವರಿಗೆ ಅಲ್ಲಿ ಕಾರು ಶೋಕಿಯ ವಸ್ತುವಲ್ಲ. ಬಸ್ಸಿಲ್ಲದ ಊರುಗಳಲ್ಲಿ ಒಂದು ಕಟ್ಟು ಕೊತ್ತಂಬರಿ ತರುವುದಕ್ಕೂ ಕಾರೇ ಗತಿ. ಹಳೆಯ ಟೊಯೊಟಾವನ್ನೋ ಹೊಂಡಾವನ್ನೋ ಕೊಂಡು ಸುಮ್ಮನಿರುವವರಿಗೆ ಈ ಲೇಖನ ಬೇಕಿಲ್ಲ. ಆದರೆ ಅದೇ ದುಡ್ಡಿಗೆ, ಎಷ್ಟೋ ಸಲ ಅದಕ್ಕಿಂತ ಕಡಿಮೆಗೆ, ಒಂದು ಸ್ಪೋರ್ಟ್ಸ್ ಕಾರು ಕಣ್ಣಿಗೆ ಬಿದ್ದುಬಿಡುತ್ತದೆ: ಮಜ್ದಾ ಆರ್‌ಎಕ್ಸ್-8. ನೋಡಲು ಚೆಂದ. ಮಿನಿಟಿಗೆ ಒಂಬತ್ತು ಸಾವಿರ ಸುತ್ತಿನವರೆಗೆ ಏರುವ ಎಂಜಿನ್. ಪಕ್ಕದಲ್ಲೇ ಒಂದು ಸಣ್ಣ ಷರಾ, ‘ಎಂಜಿನ್ ಕೆಟ್ಟಿದೆ, ಉಳಿದದ್ದೆಲ್ಲ ಚೆನ್ನಾಗಿದೆ’. ಹುಡುಗನ ಲೆಕ್ಕ ತಕ್ಷಣ ಶುರುವಾಗುತ್ತದೆ. ಕಾರು ಅಗ್ಗ; ಅಂತರ್ಜಾಲದಲ್ಲಿ ‘ರೀಬಿಲ್ಟ್’ ಎಂಜಿನ್ ಸಿಗುತ್ತದೆ; ಎರಡೂ ಸೇರಿದರೂ ಒಳ್ಳೆಯ ಸ್ಥಿತಿಯ ಇನ್ನೊಂದು ಕಾರಿಗಿಂತ ಕಡಿಮೆಯೇ ಆಯಿತಲ್ಲ!

ವಿದ್ಯಾರ್ಥಿ ವೀಸಾದಲ್ಲಿರುವವರು ತರಗತಿ ನಡೆಯುವ ದಿನಗಳಲ್ಲಿ ಕ್ಯಾಂಪಸ್ಸಿನ ಒಳಗೆ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ. ಆ ಮೂರು ಸಾವಿರ ಡಾಲರ್ ಎಂದರೆ ಲೈಬ್ರರಿಯಲ್ಲೋ ಕ್ಯಾಂಟೀನಿನಲ್ಲೋ ಕಳೆದ ಹಲವು ತಿಂಗಳ ಸಂಜೆಗಳು. ಇಲ್ಲವೇ ಊರಿನಲ್ಲಿ ಅಪ್ಪ ಬ್ಯಾಂಕಿಗೆ ಬಡ್ಡಿ ಕಟ್ಟುತ್ತಿರುವ ಶಿಕ್ಷಣ ಸಾಲದ ಒಂದು ತುಂಡು. ಆದ್ದರಿಂದ ಎಂಜಿನ್ನಿನ ಮಾತನ್ನು ಮನೆಯವರೂ ಸ್ವಲ್ಪ ತಿಳಿದಿರುವುದು ಒಳ್ಳೆಯದು.

ಆರ್‌ಎಕ್ಸ್-8 ಏಕೆ ಅಗ್ಗ ಎಂಬಲ್ಲಿಂದಲೇ ಹೊರಡೋಣ. ನಮ್ಮ ಕಾರು, ಸ್ಕೂಟರ್, ಟ್ರ್ಯಾಕ್ಟರುಗಳಲ್ಲೆಲ್ಲ ಇರುವುದು ಪಿಸ್ಟನ್. ಅದು ಸಿಲಿಂಡರಿನೊಳಗೆ ಮೇಲೆ ಕೆಳಗೆ ಓಡಾಡುತ್ತದೆ. ಜರ್ಮನಿಯ ಫೆಲಿಕ್ಸ್ ವ್ಯಾಂಕೆಲ್ ರೂಪಿಸಿದ ರೋಟರಿ ಎಂಜಿನ್ನಿನಲ್ಲಿ ಪಿಸ್ಟನ್ನೇ ಇಲ್ಲ. ಎರಡು ಬೀಜದ ಕಡಲೆಕಾಯಿಯನ್ನು ಉದ್ದಕ್ಕೆ ಸೀಳಿದರೆ ಕಾಣುವ ಆಕಾರವನ್ನು ನೆನೆಸಿಕೊಳ್ಳಿ. ಸೊಂಟ ಒಂದಿಷ್ಟು ಒಳಸರಿದ ಆ ಆಕಾರದ ಕೋಣೆಯೊಳಗೆ ಉಬ್ಬುಬದಿಯ ತ್ರಿಕೋನವೊಂದು ಉರುಳುತ್ತ ಸುತ್ತುತ್ತದೆ. ಅದೇ ರೋಟರ್. ಅದರ ಮೂರು ಮೂಲೆಗಳೂ ಸದಾ ಗೋಡೆಗೆ ಒತ್ತಿಕೊಂಡೇ ಇರಬೇಕು. ಪೆಟ್ರೋಲ್-ಗಾಳಿಯ ಮಿಶ್ರಣ ಒಳಬರುವುದು, ಒತ್ತಿಕೊಳ್ಳುವುದು, ಉರಿಯುವುದು, ಹೊಗೆಯಾಗಿ ಹೊರಹೋಗುವುದು ಎಲ್ಲವೂ ತ್ರಿಕೋನದ ಮೂರು ಬದಿಗಳಲ್ಲಿ ಸರದಿಯಂತೆ ನಡೆಯುತ್ತಿರುತ್ತದೆ. ಬರೀ 1308 ಸಿ.ಸಿ. ಅಳತೆಯ ಈ ಎಂಜಿನ್ 230ಕ್ಕೂ ಮಿಕ್ಕಿ ಅಶ್ವಶಕ್ತಿ ಕೊಡುತ್ತಿತ್ತು. ನಮ್ಮ ಸಣ್ಣ ಕಾರುಗಳ ಅಳತೆ, ದೊಡ್ಡ ಕಾರುಗಳ ಕಸುವು.

ಕಷ್ಟವೆಲ್ಲ ಆ ಮೂರು ಮೂಲೆಗಳಲ್ಲಿದೆ. ಪ್ರತಿ ಮೂಲೆಯ ಗಾಡಿಯಲ್ಲಿ ಸುಮಾರು ಎರಡು ಮಿಲಿಮೀಟರ್ ದಪ್ಪದ ಲೋಹದ ಪಟ್ಟಿಯೊಂದು ಸ್ಪ್ರಿಂಗಿನ ಮೇಲೆ ಕೂತಿರುತ್ತದೆ. ಇದಕ್ಕೆ ಅಪೆಕ್ಸ್ ಸೀಲ್ ಎಂದು ಹೆಸರು. ಎರಡು ರೋಟರಿಗೆ ಆರು ಸೀಲು. ಬೆಂಕಿ, ಒತ್ತಡ, ಉಜ್ಜಾಟ ಎಲ್ಲವನ್ನೂ ತಾಳಬೇಕಾದವು ಇವು. ಇವನ್ನು ಬಾಳಿಕೆ ಬರುವಂತೆ ಮಾಡಲಾಗದೆ ದೊಡ್ಡ ದೊಡ್ಡ ಕಂಪನಿಗಳೇ ಕೈಸುಟ್ಟುಕೊಂಡಿವೆ. ಜರ್ಮನಿಯ ಎನ್‌ಎಸ್‌ಯು 1967ರಲ್ಲಿ ಆರ್‌ಒ 80 ಎಂಬ ಕಾರನ್ನು ಹೊರತಂದಿತು. ಸೀಲುಗಳು ಬೇಗ ಸವೆದವು. ವಾರಂಟಿಯ ಮೇಲೆ ಎಂಜಿನ್ ಬದಲಿಸಿ ಕೊಟ್ಟೂ ಕೊಟ್ಟೂ ಕಂಪನಿ ಬಸವಳಿದು, 1969ರಲ್ಲಿ ಫೋಕ್ಸ್‌ವ್ಯಾಗನ್ ಬಳಗದ ಆಟೊ ಯೂನಿಯನ್ ಜೊತೆ ವಿಲೀನವಾಯಿತು. ಪಟ್ಟು ಬಿಡದೆ ಉಳಿದದ್ದು ಜಪಾನಿನ ಮಜ್ದಾ. ಗೋಡೆಯ ಮೇಲೆ ಸೀಲುಗಳು ಮೂಡಿಸುತ್ತಿದ್ದ ಗೀರುಗಳಿಗೆ ಅಲ್ಲಿನ ಎಂಜಿನಿಯರುಗಳು ‘ದೆವ್ವದ ಉಗುರು’ ಎಂದೇ ಹೆಸರಿಟ್ಟಿದ್ದರಂತೆ. ಅವರು ದೆವ್ವವನ್ನು ಬಹುಮಟ್ಟಿಗೆ ಪಳಗಿಸಿದರು. 1991ರಲ್ಲಿ ಫ್ರಾನ್ಸಿನ ಲೆ ಮಾನ್ಸ್ 24 ಗಂಟೆಗಳ ಓಟವನ್ನೂ ರೋಟರಿ ಎಂಜಿನ್ನಿನ 787ಬಿ ಕಾರಿನಲ್ಲಿ ಗೆದ್ದರು. ಆದರೆ ದೆವ್ವ ಪೂರ್ತಿ ಹೋಗಲಿಲ್ಲ. ಆರ್‌ಎಕ್ಸ್-8 ರಸ್ತೆಗಿಳಿದದ್ದು 2003ರಲ್ಲಿ, ನಿಂತದ್ದು 2012ರಲ್ಲಿ. ನಡುವೆ ಅಮೆರಿಕದ ಗ್ರಾಹಕರಿಗೆ ಈ ಎಂಜಿನ್ನಿನ ವಾರಂಟಿಯನ್ನು 8 ವರ್ಷ ಅಥವಾ ಒಂದು ಲಕ್ಷ ಮೈಲಿಗೆ ವಿಸ್ತರಿಸಬೇಕಾಗಿ ಬಂತು. ಆ ವಾರಂಟಿಯ ಅವಧಿ ಎಂದೋ ಮುಗಿದಿದೆ. ಕಾರು ಅಗ್ಗವಾಗಿರುವುದು ಇದರಿಂದ.

ಈಗ ‘ರೀಬಿಲ್ಟ್’ ಎಂಬ ಪದಕ್ಕೆ ಬರೋಣ. ನಮ್ಮ ಮೆಕ್ಯಾನಿಕ್ ಹಳೆಯ ಅಂಬಾಸಡರಿನ ಎಂಜಿನ್ ಇಳಿಸಿದರೆ ಏನು ಮಾಡುತ್ತಿದ್ದ? ಬೋರ್ ಮಾಡಿಸುತ್ತಿದ್ದ, ದೊಡ್ಡ ಅಳತೆಯ ಪಿಸ್ಟನ್ನು, ಹೊಸ ರಿಂಗು, ಬೇರಿಂಗು ಹಾಕುತ್ತಿದ್ದ. ಸಿಲಿಂಡರಿನ ಗೋಡೆ ಸವೆದಿದ್ದರೆ ಲೇತ್ ಅಂಗಡಿಯವನು ಒಂದು ಎಳೆ ಕೊರೆದು ಸರಿಮಾಡುತ್ತಿದ್ದ. ರೋಟರಿ ಎಂಜಿನ್ನಿಗೆ ಈ ಸೌಕರ್ಯವಿಲ್ಲ. ಕಡಲೆಕಾಯಿ ಕೋಣೆಯ ಒಳಗೋಡೆಗೆ ಕ್ರೋಮ್ ಲೇಪನವಿರುತ್ತದೆ. ಅದು ಚಕ್ಕೆ ಎದ್ದರೆ ಬೋರ್ ಮಾಡಿಸಿ ಮುಂದಕ್ಕೆ ಹೋಗುವಂತಿಲ್ಲ. ಇಡೀ ಹೌಸಿಂಗ್ ಬದಲಿಸಬೇಕು. ಹೌಸಿಂಗ್ ಎರಡು, ಅವುಗಳ ಪಕ್ಕದ ಕಬ್ಬಿಣದ ಗೋಡೆಗಳು ಮೂರು. ದುಡ್ಡು ಹೋಗುವುದೇ ಇಲ್ಲಿ. ಆರು ಹೊಸ ಅಪೆಕ್ಸ್ ಸೀಲು, ನೀರು ತಡೆಯುವ ರಬ್ಬರ್ ಉಂಗುರಗಳು, ಗ್ಯಾಸ್ಕೆಟ್ಟುಗಳು, ಇಷ್ಟನ್ನೇ ಹಾಕಿ, ಸವೆದ ಹೌಸಿಂಗನ್ನು ಒರೆಸಿ ಮತ್ತೆ ಜೋಡಿಸಿ, ಹೊರಗೆ ಬೆಳ್ಳಿಬಣ್ಣ ಬಳಿದರೆ ಅದೂ ‘ರೀಬಿಲ್ಟ್’. ಎಲ್ಲ ಭಾಗಗಳನ್ನೂ ಅಳೆದು, ಅಳತೆ ತಪ್ಪಿದ್ದನ್ನೆಲ್ಲ ಹೊಸತು ಹಾಕಿ ಜೋಡಿಸಿದರೆ ಅದಕ್ಕೂ ಅದೇ ಹೆಸರು. ಫೋಟೊದಲ್ಲಿ ಎರಡೂ ಒಂದೇ ಥರ ಹೊಳೆಯುತ್ತವೆ.

ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಈ ಪದವನ್ನು ಮನಬಂದಂತೆ ಬಳಸಬಾರದೆಂದು ವ್ಯಾಪಾರಿಗಳಿಗೆ ಮಾರ್ಗಸೂಚಿಯನ್ನೇ ಕೊಟ್ಟಿದೆ. ಅದರ ಪ್ರಕಾರ ರೀಬಿಲ್ಟ್ ಎನ್ನಬೇಕಾದರೆ ಯಂತ್ರವನ್ನು ಅಗತ್ಯವಿದ್ದಷ್ಟು ಬಿಚ್ಚಿ ಜೋಡಿಸಿರಬೇಕು, ಒಳಹೊರಗಿನ ಭಾಗಗಳೆಲ್ಲ ತುಕ್ಕಿಲ್ಲದೆ ಶುದ್ಧವಾಗಿರಬೇಕು, ಕೆಟ್ಟದ್ದನ್ನೂ ತೀರ ಸವೆದದ್ದನ್ನೂ ಸರಿಪಡಿಸಿರಬೇಕು ಇಲ್ಲವೇ ಬದಲಿಸಿರಬೇಕು. ಬದಲಿಗೆ ಹಾಕುವ ಭಾಗ ಹೊಸದೇ ಆಗಬೇಕೆಂದಿಲ್ಲ, ದೋಷವಿಲ್ಲದ ಹಳೆಯದೂ ಆದೀತು. ಓದಲು ಚೆನ್ನಾಗಿದೆ. ಆದರೆ ಎಷ್ಟು ಅಗತ್ಯ, ಯಾವುದು ‘ತೀರ ಸವೆದದ್ದು’ ಎಂದು ತೀರ್ಮಾನಿಸುವವರು ಯಾರು? ಮೈಕ್ರೋಮೀಟರ್ ಹಿಡಿದು ಕೂತ ಮನುಷ್ಯ. ನೀವು ಕೊಳ್ಳುತ್ತಿರುವುದು ಎಂಜಿನ್ನನ್ನಲ್ಲ, ಆ ಮನುಷ್ಯನ ತೀರ್ಮಾನವನ್ನು. ಅವನು ಯಾರು, ಎಷ್ಟು ರೋಟರಿ ಎಂಜಿನ್ ಬಿಚ್ಚಿದ್ದಾನೆ ಎಂಬುದು ಜಾಹೀರಾತಿನಲ್ಲಿ ಇರುವುದು ಅಪರೂಪ. ಎಷ್ಟೋ ಸಲ ಮಾರುವವನೇ ಬೇರೆ, ಜೋಡಿಸಿದವನೇ ಬೇರೆ. ‘ಹಿಂದಿನ ಮಾಲೀಕರು ಮಾಡಿಸಿದ್ದರಂತೆ’ ಎಂಬ ‘ಅಂತೆ’ಯ ಮೇಲೆ ಮೂರು ಸಾವಿರ ಡಾಲರ್ ನಿಂತಿರುತ್ತದೆ.

‘ಸೊನ್ನೆ ಮೈಲಿ’ ಎಂಬುದು ಇನ್ನೊಂದು ಮೋಡಿ. ಮೈಲಿ ಎಣಿಸುವ ಮೀಟರ್ ಇರುವುದು ಕಾರಿನಲ್ಲಿ, ಎಂಜಿನ್ನಿನಲ್ಲಲ್ಲ. ಕಾರಿನಿಂದ ಇಳಿಸಿದ ಕ್ಷಣ ಎಂಜಿನ್ ತನ್ನ ವಯಸ್ಸಿನ ದಾಖಲೆಯನ್ನು ಅಲ್ಲೇ ಬಿಟ್ಟು ಬರುತ್ತದೆ. ಜಪಾನಿನಿಂದ ಹಡಗಿನಲ್ಲಿ ಬರುವ ಹಳೆಯ ಎಂಜಿನ್ನುಗಳ ಜೊತೆ ‘ಕಡಿಮೆ ಓಡಿದ್ದು’ ಎಂಬ ಮಾತು ಬಂದೇ ಬರುತ್ತದೆ. ಅಲ್ಲಿ ಕಾರಿಗೆ ಮೂರು ವರ್ಷವಾದ ಮೇಲೆ, ಅನಂತರ ಎರಡೆರಡು ವರ್ಷಕ್ಕೊಮ್ಮೆ ಶಾಕೆನ್ ಎಂಬ ಕಟ್ಟುನಿಟ್ಟಿನ ತಪಾಸಣೆ ಇದೆ. ಅದರ ಖರ್ಚಿಗೆ ಬೇಸತ್ತು ಜನ ಕಾರನ್ನು ಬೇಗ ಕೈಬಿಡುತ್ತಾರೆ ಎಂಬುದು ಆ ಮಾತಿಗೆ ಆಧಾರ. ಒಟ್ಟಾರೆ ನಿಜವಿರಬಹುದು. ಆದರೆ ನಿಮ್ಮ ಮುಂದಿರುವ ಈ ಒಂದು ಎಂಜಿನ್ನಿನ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ‘ಐದು ವರ್ಷದ ಹಿಂದೆ ರೀಬಿಲ್ಟ್ ಆದದ್ದು, ಒಂದು ದಿನವೂ ಓಡಿಸಿಲ್ಲ’ ಎಂದರೆ ಇನ್ನೂ ಅನುಮಾನಪಡಿ. ಶೆಡ್ಡಿನ ತೇವದಲ್ಲಿ ಸುಮ್ಮನೆ ಕೂತ ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ, ಸೀಲುಗಳು ತಮ್ಮ ಗಾಡಿಯಲ್ಲೇ ಅಂಟಿ ಕೂರುತ್ತವೆ.

ಹಾಗಾದರೆ ಹಲ್ಲು ನೋಡುವ ದಾರಿಯೇ ಇಲ್ಲವೇ? ಹಳೆಯ ಆರ್‌ಎಕ್ಸ್-7ರಲ್ಲಿ ಒಂದಿತ್ತು. ಅದರಲ್ಲಿ ಹೊಗೆ ಹೊರಬೀಳುವ ಕಿಂಡಿ ಹೌಸಿಂಗಿನ ಗೋಡೆಯಲ್ಲೇ ಇದೆ. ಟಾರ್ಚು ಬಿಟ್ಟು ಎಂಜಿನ್ನನ್ನು ಕೈಯಲ್ಲಿ ತಿರುಗಿಸಿದರೆ ಅಪೆಕ್ಸ್ ಸೀಲುಗಳು ಒಂದೊಂದಾಗಿ ಎದುರಿಗೆ ಬರುತ್ತವೆ. ಮರದ ಕಡ್ಡಿಯಿಂದ ಒತ್ತಿದಾಗ ಒಳಗೆ ಹೋಗಿ ಪುಟಿದು ಬಂದರೆ ಸ್ಪ್ರಿಂಗ್ ಜೀವಂತವಿದೆ ಎಂದರ್ಥ. ಆರ್‌ಎಕ್ಸ್-8ರಲ್ಲಿ ಹೊಗೆಯ ಮಾಲಿನ್ಯ ಕಡಿಮೆಯಾಗಲೆಂದು ಆ ಕಿಂಡಿಯನ್ನು ಪಕ್ಕದ ಕಬ್ಬಿಣದ ಗೋಡೆಗೆ ಸಾಗಿಸಿದರು. ಎತ್ತು ಬಾಯಿ ಮುಚ್ಚಿಕೊಂಡಿತು.

ಉಳಿದದ್ದು ಕಂಪ್ರೆಷನ್ ಪರೀಕ್ಷೆ. ಮಾರುವವರು ‘ಕಂಪ್ರೆಷನ್ ಚೆನ್ನಾಗಿದೆ’ ಎಂದು ಒಂದು ಅಂಕಿ ಕೊಡುತ್ತಾರಲ್ಲ, ಅಲ್ಲಿ ಹುಷಾರಾಗಿರಬೇಕು. ಸಾಮಾನ್ಯ ಗೇಜು ತಾನು ಕಂಡ ಅತಿ ಹೆಚ್ಚಿನ ಒತ್ತಡವನ್ನು ಮಾತ್ರ ಹಿಡಿದಿಡುತ್ತದೆ. ರೋಟರಿನಲ್ಲಿ ಮೂರು ಬದಿ ಇವೆ. ಎರಡು ಸತ್ತು ಒಂದು ಗಟ್ಟಿಯಾಗಿದ್ದರೂ ಗೇಜು ಆ ಗಟ್ಟಿಯದನ್ನೇ ತೋರಿಸಿ ನಗುತ್ತದೆ. ಮೂರನ್ನೂ ಬೇರೆ ಬೇರೆಯಾಗಿ ಬರೆದು ಕೊಡುವ ರೋಟರಿ ಟೆಸ್ಟರ್ ಎಂಬುದೇ ಬೇರೆ ಇದೆ. ಎರಡು ರೋಟರಿಗೆ ಒಟ್ಟು ಆರು ಅಂಕಿ ಬರಬೇಕು. ಆರಿಲ್ಲದಿದ್ದರೆ ಅದು ಪರೀಕ್ಷೆಯೇ ಅಲ್ಲ. ಮಜ್ದಾದ ಲೆಕ್ಕದಲ್ಲಿ ಆರ್‌ಎಕ್ಸ್-8ಕ್ಕೆ ಚದರ ಸೆಂಟಿಮೀಟರಿಗೆ 6.9 ಕಿಲೊ ಕನಿಷ್ಠ ಮಿತಿ, ಅದೂ ಸ್ಟಾರ್ಟರ್ ಮಿನಿಟಿಗೆ 250 ಸುತ್ತು ತಿರುಗಿಸುತ್ತಿರುವಾಗ. ಸುತ್ತು ಹೆಚ್ಚಿದರೆ ಅಂಕಿಯೂ ಹೆಚ್ಚುತ್ತದೆ. ಹೊಸ ಬ್ಯಾಟರಿ ಹಾಕಿ ವೇಗವಾಗಿ ತಿರುಗಿಸಿದರೆ ಮುದಿ ಎಂಜಿನ್ನೂ ಪ್ರಾಯದ್ದಾಗಿ ಕಾಣುತ್ತದೆ. ಆದ್ದರಿಂದ ಎಷ್ಟು ಸುತ್ತಿನಲ್ಲಿ ಅಳೆದದ್ದು ಎಂದು ಕೇಳಿ. ಊರು ಎಷ್ಟು ಎತ್ತರದಲ್ಲಿದೆ ಎಂದೂ ಕೇಳಿ. ಡೆನ್ವರ್‌ನಂತೆ ಸಮುದ್ರಮಟ್ಟದಿಂದ 1,600 ಮೀಟರ್ ಮೇಲಿರುವ ಊರಿನಲ್ಲಿ ಗಾಳಿಯೇ ತೆಳು, ಅಂಕಿ ತಾನಾಗಿ ಇಳಿಯುತ್ತದೆ.

ಇನ್ನೂ ಒಂದು ತೊಡಕಿದೆ. ಈಗಷ್ಟೇ ಜೋಡಿಸಿದ ಎಂಜಿನ್ನಿನ ಸೀಲುಗಳು ಗೋಡೆಗೆ ಹೊಂದಿಕೊಂಡಿರುವುದಿಲ್ಲ. ಕೆಲವು ನೂರು ಮೈಲಿ ಹದವಾಗಿ ಓಡಿದ ಮೇಲೆ ಕಂಪ್ರೆಷನ್ ಏರುತ್ತದೆ. ಇದು ನಿಜ. ಇದೇ ನಿಜವನ್ನು ಮುಂದಿಟ್ಟು, ‘ಹೊಸದಲ್ಲವೇ, ಅದಕ್ಕೇ ಕಡಿಮೆ, ಓಡಿಸಿದರೆ ಸರಿಹೋಗುತ್ತದೆ’ ಎಂದು ಕೆಟ್ಟ ಜೋಡಣೆಯನ್ನೂ ಸಾಗಹಾಕಬಹುದು. ಕೇಳಬೇಕಾದದ್ದು ಕಾಗದ. ಯಾವ ಯಾವ ಭಾಗ ಹೊಸದು ಎಂಬುದಕ್ಕೆ ತಾರೀಖಿರುವ ಬಿಲ್ಲು, ಬಿಚ್ಚಿ ಹರವಿದಾಗ ತೆಗೆದ ಹೌಸಿಂಗಿನ ಒಳಗೋಡೆಯ ಫೋಟೊ, ಅಳತೆ ಬರೆದಿಟ್ಟ ಚೀಟಿ. ನಿಜವಾಗಿ ಕೆಲಸ ಮಾಡಿದವನ ಬಳಿ ಇವು ಇದ್ದೇ ಇರುತ್ತವೆ. ಕೇಳಿದರೆ ಹೆಮ್ಮೆಯಿಂದ ತೋರಿಸುತ್ತಾನೆ. ಕೇಳಿದ್ದಕ್ಕೆ ಸಿಡುಕುವವನ ಹತ್ತಿರ ಮಾತು ಮುಂದುವರಿಸಬೇಡಿ.

ಎಂಜಿನ್ ಒಳ್ಳೆಯದೇ ಬಂತು ಎಂದುಕೊಳ್ಳೋಣ. ಆಗಲೂ ಒಂದು ಪ್ರಶ್ನೆ ಉಳಿಯುತ್ತದೆ, ಹಳೆಯದು ಸತ್ತದ್ದೇಕೆ? ಆರ್‌ಎಕ್ಸ್-8ರಲ್ಲಿ ಕಿಡಿ ಹಚ್ಚುವ ಇಗ್ನಿಷನ್ ಕಾಯಿಲ್ಲುಗಳು ಬೇಗ ಸೊರಗುತ್ತವೆ. ಕಿಡಿ ಸೊರಗಿದರೆ ಪೆಟ್ರೋಲ್ ಅರೆಬರೆ ಉರಿಯುತ್ತದೆ. ಉರಿಯದೆ ಉಳಿದದ್ದು ಹೊಗೆಕೊಳವೆಯ ಕೆಟಲಿಟಿಕ್ ಕನ್ವರ್ಟರಿನಲ್ಲಿ ಹೋಗಿ ಉರಿದು ಅದರ ಜಾಲರಿಯನ್ನು ಕರಗಿಸಿ ಕಟ್ಟಿಹಾಕುತ್ತದೆ. ಹೊಗೆ ಹೊರಹೋಗಲು ದಾರಿಯಿಲ್ಲದೆ ಬಿಸಿ ಎಂಜಿನ್ನಿಗೇ ಮರಳುತ್ತದೆ, ಸೀಲುಗಳು ಸಾಯುತ್ತವೆ. ಈಗ ಹುಡುಗ ಹೊಸ ಎಂಜಿನ್ ಇಳಿಸಿ, ಹಣ ಮುಗಿಯಿತೆಂದು ಹಳೆಯ ಕಾಯಿಲ್ಲು, ಹಳೆಯ ಕನ್ವರ್ಟರ್, ಹಳೆಯ ರೇಡಿಯೇಟರನ್ನೇ ಉಳಿಸಿಕೊಂಡರೆ ಮೊದಲಿನ ಎಂಜಿನ್ನಿನ ಕಾಯಿಲೆ ಎರಡನೆಯದಕ್ಕೆ ಅಂಟುತ್ತದೆ. ಬಾವಿಯ ನೀರು ಕೆಟ್ಟಿರುವಾಗ ಬಿಂದಿಗೆ ಬದಲಿಸಿದ ಹಾಗೆ. ಎಂಜಿನ್ನಿನ ಬೆಲೆಯ ಜೊತೆಗೆ ಇವುಗಳ ಬೆಲೆ, ಇಳಿಸಿ ಏರಿಸುವ ಕೂಲಿ, ಲಾರಿ ಬಾಡಿಗೆ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಕೂಡಿಸಿ ನೋಡದೆ ಹಣ ಕಳಿಸಕೂಡದು.

ವಾರಂಟಿ ಇದೆಯಲ್ಲ ಎನ್ನುತ್ತೀರಾ? ಅದರ ಸಣ್ಣಕ್ಷರ ಓದಿ. ಭಾಗಕ್ಕೆ ಮಾತ್ರ ಹೊಣೆ, ಕೂಲಿಗಿಲ್ಲ ಎಂದಿರುತ್ತದೆ. ಪರವಾನಗಿಯಿರುವ ಗ್ಯಾರೇಜಿನಲ್ಲೇ ಕೂರಿಸಿರಬೇಕು ಎಂದಿರುತ್ತದೆ; ಗೆಳೆಯರ ಜೊತೆ ರಜೆಯಲ್ಲಿ ಕೂರಿಸಿದ್ದರೆ ಅಲ್ಲಿಗೇ ಮುಗಿಯಿತು. ಎಷ್ಟೋ ಮಂದಿ ರೀಬಿಲ್ಡರುಗಳು ಎಂಜಿನ್ನಿನ ಮೈಗೆ ಬಟನ್ನಿನಂಥ ಪುಟ್ಟ ಬಿಲ್ಲೆಯೊಂದನ್ನು ಅಂಟಿಸಿ ಕಳಿಸುತ್ತಾರೆ. ಮಿತಿಮೀರಿ ಬಿಸಿಯಾದರೆ ಅದರ ನಡುಭಾಗ ಕರಗುತ್ತದೆ. ಕರಗಿದ ಬಿಲ್ಲೆ ಕಂಡರೆ ವಾರಂಟಿ ರದ್ದು. ಖಾಸಗಿಯಾಗಿ ಮಾರುವವರದಾದರೆ ‘ಇದ್ದದ್ದು ಇದ್ದಂತೆ’ ಎಂಬ ಷರತ್ತಿನ ವ್ಯಾಪಾರ. ಕೊಟ್ಟ ಮೇಲೆ ಅವರಿಗೂ ನಿಮಗೂ ಸಂಬಂಧವಿಲ್ಲ. ಮಾರಾಟದ ತಾಣದಿಂದ ಹೊರಗೆ ಬಂದು ನೇರವಾಗಿ ಹಣ ಕಳಿಸಿ ಎನ್ನುವವರನ್ನು, ಗಿಫ್ಟ್ ಕಾರ್ಡ್ ಇಲ್ಲವೇ ವೈರ್ ಟ್ರಾನ್ಸ್‌ಫರ್ ಕೇಳುವವರನ್ನು ಅಲ್ಲೇ ಬಿಟ್ಟುಬಿಡಿ. ಹಾಗೆ ಹೋದ ಹಣ ಹಿಂದಿರುಗುವುದು ಬಲು ಕಷ್ಟ. ಕ್ರೆಡಿಟ್ ಕಾರ್ಡಾದರೆ ತಕರಾರು ಹೂಡಲು ಒಂದು ದಾರಿಯಾದರೂ ಇರುತ್ತದೆ.

ಕ್ಯಾಲಿಫೋರ್ನಿಯಾದಲ್ಲಿರುವ ನಮ್ಮವರು ಇನ್ನೊಂದು ಬೇಲಿ ದಾಟಬೇಕು. ಅಲ್ಲಿ ಬೇರೆ ಎಂಜಿನ್ ಹಾಕುವುದಾದರೆ ಅದು ಕಾರಿನಷ್ಟೇ ಹೊಸ ವರ್ಷದ್ದೋ ಅದಕ್ಕಿಂತ ಈಚಿನದೋ ಆಗಿರಬೇಕು, ಹೊಗೆ ನಿಯಂತ್ರಣದ ಅಂಗಗಳೆಲ್ಲ ಇರಬೇಕು. ಸ್ಮಾಗ್ ತಪಾಸಣೆಯಲ್ಲಿ ಫೇಲಾದ ಕಾರಿಗೆ ನೋಂದಣಿ ನವೀಕರಣವಿಲ್ಲ. ಜಪಾನಿನ ಮಾರುಕಟ್ಟೆಗೆಂದು ತಯಾರಾದ ಎಂಜಿನ್ ತರಿಸಿ, ಎಲ್ಲ ಜೋಡಿಸಿ, ಕಾರು ಓಡಿ, ಕೊನೆಗೆ ರಸ್ತೆಗಿಳಿಸಲಾಗದೆ ಮನೆಯ ಮುಂದೆ ನಿಂತಿರಬಹುದು.

ಇಲ್ಲೇ ಉಳಿದ ಹುಡುಗರಿಗೂ ಎರಡು ಮಾತು. ನಮ್ಮ ಆರ್.ಸಿ.ಯಲ್ಲಿ ಚಾಸಿ ಸಂಖ್ಯೆಯ ಜೊತೆ ಎಂಜಿನ್ ಸಂಖ್ಯೆಯೂ ಇರುತ್ತದೆ. 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮಿನಂತೆ ಆರ್.ಟಿ.ಒ. ಒಪ್ಪಿಗೆಯಿಲ್ಲದೆ ಎಂಜಿನ್ ಬದಲಿಸುವಂತಿಲ್ಲ. ಎಲ್ಲಿಂದಲೋ ಬಂದ ಎಂಜಿನ್ ಕಳವಿನ ಗಾಡಿಯದಾಗಿದ್ದರೆ ಪೊಲೀಸರು ಮೊದಲು ಬರುವುದು ನಿಮ್ಮ ಮನೆಗೆ. ಸಂಖ್ಯೆ ಹೊಂದದಿದ್ದರೆ ವಿಮೆಯವರು ತಕರಾರು ತೆಗೆಯಲು ಅಷ್ಟೇ ಸಾಕು. ‘ನಾನು ಮಿಲಿಟರಿಯಲ್ಲಿದ್ದೇನೆ, ವರ್ಗವಾಗಿದೆ, ಅಗ್ಗಕ್ಕೆ ಕೊಡುತ್ತೇನೆ, ಮೊದಲು ಮುಂಗಡ ಕಳಿಸಿ’ ಎಂಬ ಫೋನು ಬಂದರೆ ಅದು ಹಳೆಯ ನಾಟಕ. ಹಣ ಹೋಗಿಯೇಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಅವಕಾಶ ಹೆಚ್ಚು.

ಇಷ್ಟು ಓದಿದ ಅಪ್ಪ ಅಮ್ಮಂದಿರು ತಕ್ಷಣ ಫೋನ್ ಎತ್ತಿ ‘ಬೇಡ’ ಎಂದುಬಿಡುವುದು ನನಗೆ ಇಷ್ಟವಿಲ್ಲ. ಬೇಡ ಎಂದರೆ ಮುಂದಿನ ಸಲ ಹೇಳದೆ ಕೊಳ್ಳುತ್ತಾರೆ, ಅಷ್ಟೆ. ಎಂಜಿನ್ನಿನ ಮೋಹ ಕೆಟ್ಟ ಮೋಹವೂ ಅಲ್ಲ. ಆರು ಅಂಕಿ ಬಂತೇ, ಬಿಲ್ಲಿದೆಯೇ, ಹಳೆಯದು ಸತ್ತದ್ದೇಕೆ ಎಂದು ಮೂರು ಪ್ರಶ್ನೆ ಕೇಳಿ. ಉತ್ತರ ಹುಡುಕುತ್ತ ಅವನೇ ಅರ್ಧ ಮೆಕ್ಯಾನಿಕ್ ಆಗುತ್ತಾನೆ.

ಮೆಕ್ಯಾನಿಕಲ್ ಓದುತ್ತಿರುವ ಹುಡುಗ ಹುಡುಗಿಯರಿಗಾದರೆ ನನ್ನ ಸಲಹೆ ಬೇರೆ. ‘ರೀಬಿಲ್ಟ್’ ಬೇಡ, ಸತ್ತ ಎಂಜಿನ್ನನ್ನೇ ಕೊಳ್ಳಿ. ಸತ್ತದ್ದು ಎಂದು ಹೇಳಿಯೇ ಮಾರುವ ಎಂಜಿನ್ನಿಗೆ ಅಲ್ಲಿ ‘ಕೋರ್’ ಎನ್ನುತ್ತಾರೆ. ಬೆಲೆ ಅದರ ಒಂದು ಪಾಲೂ ಇರುವುದಿಲ್ಲ, ಮೋಸ ಹೋಗಲು ಅದರಲ್ಲಿ ಏನೂ ಉಳಿದಿರುವುದಿಲ್ಲ. ವಿಶ್ವವಿದ್ಯಾಲಯದಲ್ಲಿ ಫಾರ್ಮುಲಾ ಎಸ್‌ಎಇ ತಂಡವಿದ್ದರೆ ಅವರ ವರ್ಕ್‌ಶಾಪಿನ ಮೂಲೆಯಲ್ಲಿ ಜಾಗ ಕೇಳಿ, ಬಿಚ್ಚಿ ನೋಡಿ. ಯಾವ ಸೀಲು ಎಲ್ಲಿ ಮುರಿದಿದೆ, ಕ್ರೋಮ್ ಎಲ್ಲಿ ಚಕ್ಕೆ ಎದ್ದಿದೆ, ನೀರು ಎಲ್ಲಿಂದ ನುಗ್ಗಿದೆ ಎಂದು ಅಳೆದು ಬರೆಯಿರಿ. ಕವಾಟಗಳಿಲ್ಲ, ಕ್ಯಾಮ್‌ಶಾಫ್ಟಿಲ್ಲ, ಸ್ಯಾಂಡ್‌ವಿಚ್ಚಿನಂತೆ ಒಂದರ ಮೇಲೊಂದು ಪೇರಿಸಿದ ಐದು ಹೋಳುಗಳನ್ನು ಉದ್ದನೆಯ ಬೋಲ್ಟುಗಳು ಬಿಗಿದಿರುತ್ತವೆ. ಅದಕ್ಕೆ ಮುಂಚೆ ಫ್ಲೈವೀಲ್ ಹಿಡಿದಿರುವ ಒಂದೇ ಒಂದು ನಟ್ ಬಿಚ್ಚಬೇಕು. ಅದು 54 ಮಿಲಿಮೀಟರಿನದು. ಪಾನಾಕ್ಕೆ ನಾಲ್ಕಡಿ ಕೊಳವೆ ಸಿಕ್ಕಿಸಿ ಒಬ್ಬರು ಎಳೆಯುವಾಗ ಎಂಜಿನ್ ಉರುಳದಂತೆ ಹಿಡಿದುಕೊಳ್ಳಲು ಇಬ್ಬರು ಗಟ್ಟಿ ಗೆಳೆಯರನ್ನು ಕರೆದಿಟ್ಟುಕೊಳ್ಳಿ.